ಬಾಯಿ ತೆರೆದು ಮುಚ್ಚುವ ಪುಟ್ಟ ಮೊರೇ: ಅದು ಹೆದರಿಸುತ್ತಿಲ್ಲ, ಉಸಿರಾಡುತ್ತಿದೆ

ಓದುಗರ ಪ್ರಶ್ನೆ: ಮೇಡಂ, ನಮಸ್ಕಾರ. ನಮ್ಮ ಮನೆಯಲ್ಲಿ 120 ಲೀಟರಿನ ಉಪ್ಪುನೀರಿನ ಅಕ್ವೇರಿಯಂ ಇದೆ. ಎರಡು ಕ್ಲೌನ್ ಮೀನು, ಒಂದು ಸಣ್ಣ ಗೋಬಿ ಮೀನು, ಎರಡು ಕ್ಲೀನರ್ ಸಿಗಡಿ, ಸ್ವಲ್ಪ ಮೃದು ಹವಳ ಇವೆ. ಎರಡು ವಾರದ ಹಿಂದೆ ಗೋಲ್ಡನ್ ಡ್ವಾರ್ಫ್ ಮೊರೇ ಎಂಬ, ಹಾವಿನಂತೆ ಕಾಣುವ ಒಂದು ಮೀನು ತಂದೆ. ಉದ್ದ ಸುಮಾರು 20 ಸೆಂಟಿಮೀಟರ್. ಬಂದ ದಿನದಿಂದ ಕಲ್ಲಿನ ಸಂದಿ ಬಿಟ್ಟು ಹೊರಗೆ ಬಂದಿಲ್ಲ. ತಲೆ ಮಾತ್ರ ಹೊರಗೆ ಚಾಚಿ, ಬಾಯಿ ತೆರೆದು ತೆರೆದು ಹಲ್ಲು ತೋರಿಸುತ್ತಲೇ ಇರುತ್ತದೆ. ಏನು ಹಾಕಿದರೂ ತಿನ್ನುತ್ತಿಲ್ಲ. ಮೊನ್ನೆಯಿಂದ ಗೋಬಿ ಕಾಣೆಯಾಗಿದೆ. ಒಂದು ಕ್ಲೌನ್ ಮೀನಿನ ಮೈಮೇಲೆ ಬಿಳಿ ಚುಕ್ಕೆ ಬಂದಿದೆ. ಪರಿಚಯದವರೊಬ್ಬರು ಟ್ಯಾಂಕಿಗೇ ತಾಮ್ರದ ಔಷಧಿ ಹಾಕಿ ಅಂದರು. ಮನೆಯವರೆಲ್ಲ ಇದು ವಿಷದ ಪ್ರಾಣಿ, ಎಂಟು ವರ್ಷದ ಮಗಳಿಗೆ ಕಚ್ಚಿದರೆ ಏನು ಗತಿ ಅಂತಾರೆ. ಮುಂದೆ ಒಂದು ಮೀಟರ್ ಬೆಳೆಯುತ್ತದೆ ಅಂತಲೂ ಕೇಳಿದೆ. ಇಟ್ಟುಕೊಳ್ಳಲಾ, ಯಾರಿಗಾದರೂ ಕೊಡಲಾ, ಇಲ್ಲ ಸಮುದ್ರಕ್ಕೆ ಬಿಟ್ಟುಬಿಡಲಾ?

ಉತ್ತರ: ಮೊದಲು ತುರ್ತಿನ ಮಾತು. ತಾಮ್ರದ ಔಷಧಿಯನ್ನು ಈ ಟ್ಯಾಂಕಿಗೆ ಹಾಕಬೇಡಿ. ಈಗಾಗಲೇ ಹಾಕಿದ್ದರೆ ಓದುವುದನ್ನು ಇಲ್ಲಿಗೇ ನಿಲ್ಲಿಸಿ. ಅದೇ ಉಪ್ಪಿನಂಶ, ಅದೇ ಬಿಸಿಯ ಹೊಸ ನೀರು ತಯಾರಿಸಿ ಟ್ಯಾಂಕಿನ ನೀರು ಬದಲಾಯಿಸಿ, ಫಿಲ್ಟರಿಗೆ ಆಕ್ಟಿವೇಟೆಡ್ ಕಾರ್ಬನ್ ಹಾಕಿ, ಆಮೇಲೆ ಮುಂದಕ್ಕೆ ಓದಿ. ಕಾರಣವನ್ನು ಕೆಳಗೆ ವಿವರವಾಗಿ ಹೇಳುತ್ತೇನೆ.

ಇನ್ನೊಂದು ತುರ್ತು ಮುಚ್ಚಳದ್ದು. ನಿಮ್ಮ ಪತ್ರದಲ್ಲಿ ಮುಚ್ಚಳದ ಸುದ್ದಿಯೇ ಇಲ್ಲ, ಅದು ನನಗೆ ಸ್ವಲ್ಪ ಗಾಬರಿ ಹುಟ್ಟಿಸಿತು. ಈ ಮೀನಿನ ತಲೆ ಹೋಗುವ ಸಂದಿಯಲ್ಲಿ ಇಡೀ ಮೈ ಹೋಗುತ್ತದೆ. ಪಂಪಿನ ವೈರು ಇಳಿಯುವ ತೂತು, ಹೀಟರ್ ಪಕ್ಕದ ಸಂದಿ, ನೀರು ಹೊರಗೆ ಹರಿಯಲು ಬಾಚಣಿಗೆಯಂತೆ ಹಲ್ಲು ಹಲ್ಲಾಗಿ ಮಾಡಿರುವ ಅಂಚು, ಎಲ್ಲವೂ ಅದಕ್ಕೆ ಬಾಗಿಲೇ. ಇವತ್ತು ರಾತ್ರಿ ದೀಪ ಆರಿಸುವ ಮೊದಲು ಈ ಸಂದಿಗಳನ್ನೆಲ್ಲ ಸಣ್ಣ ಕಣ್ಣಿನ ಪ್ಲಾಸ್ಟಿಕ್ ಬಲೆಯಿಂದ ಮುಚ್ಚಿ. ಮುಚ್ಚಳದ ಮೇಲೆ ಸ್ವಲ್ಪ ಭಾರ ಇಡಿ. ಹೊಸದಾಗಿ ಬಂದ ಮೊರೇ ಮೊದಲ ಕೆಲವು ವಾರ ರಾತ್ರಿಯೆಲ್ಲ ಟ್ಯಾಂಕಿನ ಅಂಚು ಅಂಚು ಹುಡುಕುತ್ತದೆ. ಒಂದು ವೇಳೆ ನೆಲದ ಮೇಲೆ ಬಿದ್ದಿದ್ದು ಸಿಕ್ಕರೆ, ಸತ್ತಿದೆ ಅಂತ ಸುಮ್ನೆ ಎಸೆಯಬೇಡಿ. ಮೈಮೇಲೆ ಲೋಳೆ ಇನ್ನೂ ಒದ್ದೆ ಇದ್ದರೆ ಒದ್ದೆ ಬಟ್ಟೆಯಲ್ಲಿ ಎತ್ತಿ ನೀರಿಗೆ ಬಿಡಿ. ಅಲುಗಾಡದೆ ಬಿದ್ದಿದ್ದ ಮೊರೇಗಳು ನೀರಿಗೆ ಬಿದ್ದ ಮೇಲೆ ಉಸಿರು ಹಿಡಿದದ್ದುಂಟು.

ಈಗ ನಿಮ್ಮ ಚಿಂತೆಗೆ ಬರುತ್ತೇನೆ. ಪತ್ರ ಓದಿದಾಗ ನನಗೆ ಕಂಡದ್ದು ಇಷ್ಟು. ಮೀನು ಉಪವಾಸ ಸಾಯುತ್ತದೇನೋ ಎಂಬ ಭಯ ಒಂದು ಕಡೆ. ಅದೇ ಮೀನು ಉಳಿದವನ್ನು ತಿಂದು ಹಾಕುತ್ತದೇನೋ, ಮಗುವಿಗೆ ಕಚ್ಚುತ್ತದೇನೋ ಎಂಬ ಭಯ ಇನ್ನೊಂದು ಕಡೆ. ಎರಡೂ ಸೇರಿ, ಏನಾದರೂ ಬೇಗ ಮಾಡಬೇಕು ಅನ್ನಿಸುತ್ತಿದೆ. ಅದು ಸಹಜ. ಆದರೆ ಮನೆಯ ಟ್ಯಾಂಕುಗಳ ಮೀನುಗಳ ಆರೋಗ್ಯ ನೋಡಿಕೊಂಡು ಬಂದ ನನ್ನ ಅನುಭವ ಹೇಳುವುದು ಬೇರೆ. ಹೊಸ ಮೊರೇ ಮೊದಲ ತಿಂಗಳಲ್ಲಿ ಸತ್ತರೆ ಅದಕ್ಕೆ ಹಸಿವು ಕಾರಣವಾಗುವುದು ಕಡಿಮೆ. ತೆರೆದ ಮುಚ್ಚಳ, ಅವಸರದಲ್ಲಿ ಸುರಿದ ಔಷಧಿ, ದಿನಾ ಕಲ್ಲು ಎತ್ತಿ ಹುಡುಕಿದ್ದು, ಇವೇ ಜಾಸ್ತಿ ಕಾರಣ.

ಬಾಯಿಯ ವಿಷಯ ಮೊದಲು ಬಗೆಹರಿಸೋಣ, ಯಾಕೆಂದರೆ ಮನೆಯವರ ಭಯ ಅಲ್ಲಿಂದಲೇ ಶುರುವಾಗಿದೆ ಅನ್ನಿಸುತ್ತದೆ. ನಿಮ್ಮ ಕ್ಲೌನ್ ಮೀನನ್ನು ನೋಡಿ. ಅದರ ಕೆನ್ನೆಯ ಹಿಂದೆ ಕಿವಿರಿನ ಮುಚ್ಚಳ ಮೇಲೆ ಕೆಳಗೆ ಆಡುತ್ತಿರುತ್ತದೆ, ಅಲ್ವಾ? ಅದು ಉಸಿರಾಟ ಅಂತ ಯಾರಿಗಾದರೂ ಗೊತ್ತಾಗುತ್ತದೆ. ಮೊರೇಗೆ ಅಂಥ ಮುಚ್ಚಳ ಹೊರಗೆ ಕಾಣುವುದಿಲ್ಲ. ಕಿವಿರಿನ ಜಾಗದಲ್ಲಿ ಒಂದು ಸಣ್ಣ ದುಂಡನೆ ತೂತು ಮಾತ್ರ ಇದೆ. ಹಾಗಾಗಿ ಬಾಯಿಂದ ನೀರು ಎಳೆದುಕೊಂಡು, ಬಾಯಿ ಮುಚ್ಚಿ, ಆ ನೀರನ್ನು ಕಿವಿರಿನ ಮೇಲೆ ಹಾಯಿಸಿ ತೂತಿನಿಂದ ಹೊರಗೆ ತಳ್ಳಬೇಕು. ಇದನ್ನು ಅದು ಹಗಲೂ ರಾತ್ರಿ ಮಾಡುತ್ತಲೇ ಇರುತ್ತದೆ. ಬಾಯಿ ತೆರೆದಾಗ ಹಲ್ಲು ಕಾಣುತ್ತದೆ, ನೋಡುವವರಿಗೆ ಗುರಾಯಿಸಿದ ಹಾಗೆ ಅನ್ನಿಸುತ್ತದೆ. ಪಾಪ, ಅದು ಉಸಿರಾಡುತ್ತಿದೆ ಅಷ್ಟೇ.

ನಿಜವಾಗಿ ಹೆದರಿಸುವಾಗ ಬೇರೆ ಥರ ಇರುತ್ತದೆ. ಬಾಯಿ ಪೂರ್ತಿ ಅಗಲಿಸಿ ಹಾಗೇ ಹಿಡಿದಿರುತ್ತದೆ, ತೆರೆದು ಮುಚ್ಚುವ ತಾಳ ನಿಲ್ಲುತ್ತದೆ, ತಲೆ ನಿಮ್ಮ ಕಡೆಗೆ ಸರಿಯುತ್ತದೆ. ಇದಕ್ಕಿಂತ ಮುಖ್ಯವಾಗಿ ಗಮನಿಸಬೇಕಾದ್ದು ಉಸಿರಿನ ವೇಗ. ಈಗ ಹೇಗಿದೆ ಎಂದು ಒಂದು ನಿಮಿಷ ಎಣಿಸಿ ಬರೆದಿಟ್ಟುಕೊಳ್ಳಿ. ನಿಧಾನವಾಗಿ, ಒಂದೇ ಸಮನೆ ಇದ್ದರೆ ಒಳ್ಳೆಯದು. ನಾಳೆ ನಾಡಿದ್ದು ಅದು ಏಕಾಏಕಿ ಜೋರಾದರೆ, ಅಥವಾ ಮೀನು ಸಂದಿ ಬಿಟ್ಟು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ಬಿಡತೊಡಗಿದರೆ, ನೀರಿನಲ್ಲಿ ಆಮ್ಲಜನಕ ಕಡಿಮೆಯಾಗಿದೆ ಅಥವಾ ಅಮೋನಿಯಾ ಏರಿದೆ ಎಂದು ಅರ್ಥ. ಆಗ ತಡ ಮಾಡಬಾರದು.

ವಿಷದ ಮಾತು. ಮೊರೇ ಹಾವಲ್ಲ, ಮೀನು. ಹುರುಪೆ ಇಲ್ಲ, ಎದೆಯ ಹತ್ತಿರದ ಜೋಡಿ ರೆಕ್ಕೆಗಳಿಲ್ಲ, ಹಾಗಾಗಿ ಹಾವಿನಂತೆ ಕಾಣುತ್ತದೆ. ಆದರೆ ಹಾವಿನಂಥ ವಿಷದ ಹಲ್ಲಾಗಲಿ, ಕಚ್ಚಿದಾಗ ವಿಷ ಇಳಿಸುವ ವ್ಯವಸ್ಥೆಯಾಗಲಿ ಅದಕ್ಕಿಲ್ಲ. ಹಾಗಿದ್ದರೆ ಈ ವಿಷದ ಹೆಸರು ಎಲ್ಲಿಂದ ಬಂತು? ಒಂದು ಕಾರಣ ಸಿಗುವಟೇರಾ, ಅಂದರೆ ಕೆಲವು ಮೀನು ತಿಂದಾಗ ಆಗುವ ವಿಷಬಾಧೆ. ಹವಳದ ದಿಬ್ಬಗಳ ಪಾಚಿಯ ಮೇಲೆ ಗ್ಯಾಂಬಿಯರ್ಡಿಸ್ಕಸ್ ಎಂಬ ಕಣ್ಣಿಗೆ ಕಾಣದ ಜೀವಿ ಇರುತ್ತದೆ. ಅದರ ವಿಷ ಪಾಚಿ ತಿನ್ನುವ ಮೀನಿಗೆ, ಅದನ್ನು ತಿನ್ನುವ ದೊಡ್ಡ ಮೀನಿಗೆ ಸೇರುತ್ತಾ ಜಾಸ್ತಿಯಾಗುತ್ತದೆ. ದೊಡ್ಡ ಮೊರೇಗಳ ಮೈಯಲ್ಲಿ ಇದು ತುಂಬಾ ಕೂಡಿಕೊಳ್ಳುತ್ತದೆ. ಬೇಯಿಸಿದರೂ ಹೋಗುವುದಿಲ್ಲ. ಅಂಥ ಮೀನು ತಿಂದವರಿಗೆ ವಾಂತಿ, ಕೈಕಾಲು ಜುಮ್ಮೆನ್ನುವುದು, ತಣ್ಣಗಿನದು ಸುಟ್ಟ ಹಾಗೆ ಅನ್ನಿಸುವುದು, ಇಂಥ ತೊಂದರೆ ಆಗುತ್ತದೆ. ಕೆಲವು ಮೊರೇ ಜಾತಿಗಳ ಚರ್ಮದ ಲೋಳೆಯಲ್ಲೂ ವಿಷದ ಅಂಶ ಇದೆ. ಇವೆರಡೂ ಸೇರಿ ಕಚ್ಚಿದರೂ ವಿಷ ಎಂಬ ನಂಬಿಕೆ ಬೆಳೆದಿದೆ. ತಿನ್ನುವುದರಿಂದ ಆಗುವ ಅಪಾಯ ಬೇರೆ, ಕಚ್ಚುವುದರಿಂದ ಆಗುವ ಅಪಾಯ ಬೇರೆ.

ಕಚ್ಚಿದರೆ ಅಪಾಯವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಹಲ್ಲು ಸೂಜಿಯಂತೆ ಚೂಪು. ಹಿಡಿತದಿಂದ ಕೈ ಎಳೆದುಕೊಂಡರೆ ಚರ್ಮ ಸೀಳುತ್ತದೆ. ಸಮುದ್ರದ ನೀರಿನಲ್ಲಿ ವಿಬ್ರಿಯೋ, ಮೈಕೋಬ್ಯಾಕ್ಟೀರಿಯಂ ಮರಿನಂ ಮುಂತಾದ ಬ್ಯಾಕ್ಟೀರಿಯಾಗಳಿರುತ್ತವೆ, ಗಾಯ ಕೀವಾಗಬಹುದು. ಎರಡು ಮೂರು ಮೀಟರ್ ಬೆಳೆಯುವ ದೊಡ್ಡ ಮೊರೇಗಳಿಗೆ ಕೈಯಿಂದ ತಿನ್ನಿಸಲು ಹೋಗಿ ಬೆರಳನ್ನೇ ಕಳೆದುಕೊಂಡ ಡೈವರ್‌ಗಳಿದ್ದಾರೆ. ನಿಮ್ಮ ಮೀನು ಅಷ್ಟು ಮಾಡಲಾರದು, ಅದರ ಬಾಯಿಯೇ ಪುಟ್ಟದು. ಆದರೂ ಮನೆಯಲ್ಲಿ ಒಂದು ನಿಯಮ ಇರಲಿ: ಈ ಟ್ಯಾಂಕಿಗೆ ಯಾರೂ ಬರಿಗೈ ಹಾಕಬಾರದು, ಮಗಳು ದೊಡ್ಡವರಿಲ್ಲದಾಗ ಮುಚ್ಚಳ ತೆರೆಯಬಾರದು. ಕಚ್ಚಿದರೆ ಸಾಬೂನು ಹಚ್ಚಿ ಶುದ್ಧ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಹಲ್ಲಿನ ಚೂರು ಒಳಗೆ ಉಳಿದಿದೆಯಾ ನೋಡಿ. ಧನುರ್ವಾಯು ಚುಚ್ಚುಮದ್ದಿನ ಅವಧಿ ಮುಗಿದಿದ್ದರೆ ಹಾಕಿಸಿಕೊಳ್ಳಿ. ಆಳವಾದ ಗಾಯವಾಗಿದ್ದರೆ, ಕೆಂಪಾಗಿ ಊದಿದರೆ, ಜ್ವರ ಬಂದರೆ ಅದೇ ದಿನ ಡಾಕ್ಟರನ್ನು ಕಾಣಬೇಕು, ಸಮುದ್ರದ ಮೀನು ಕಚ್ಚಿದ್ದು ಎಂದು ತಪ್ಪದೆ ಹೇಳಬೇಕು. ಮನೆಯಲ್ಲಿ ಸಕ್ಕರೆ ಕಾಯಿಲೆ ಅಥವಾ ಲಿವರ್ ತೊಂದರೆ ಇರುವವರಿದ್ದರೆ ಅವರು ಈ ಟ್ಯಾಂಕಿನ ಕೆಲಸದಿಂದ ದೂರ ಇರುವುದು ಒಳ್ಳೆಯದು.

ಇನ್ನು ಒಂದು ಮೀಟರ್ ಬೆಳೆಯುವ ಮಾತು. ನಿಮ್ಮದು ನಿಜವಾಗಿ ಡ್ವಾರ್ಫ್ ಮೊರೇ ಆಗಿದ್ದರೆ ಈ ಚಿಂತೆ ಬಿಡಿ. ಜಿಮ್ನೊಥೊರಾಕ್ಸ್ ಮೆಲಟ್ರೀಮಸ್ ಎಂಬುದು ಇದರ ವೈಜ್ಞಾನಿಕ ಹೆಸರು. ಮೀನು ವಿಜ್ಞಾನಿ ಲಿಯೊನಾರ್ಡ್ ಶುಲ್ಟ್ಜ್ 1953ರಲ್ಲಿ ಇದನ್ನು ಮೊದಲು ವಿವರಿಸಿದರು. ಆಫ್ರಿಕಾದ ಪೂರ್ವ ಕರಾವಳಿಯಿಂದ ಹಿಡಿದು ಹಿಂದೂ ಮಹಾಸಾಗರ, ಪೆಸಿಫಿಕ್ ದಾಟಿ ಹವಾಯಿ ಮತ್ತು ಮಾರ್ಕೆಸಸ್ ದ್ವೀಪಗಳವರೆಗೆ ಹವಳದ ದಿಬ್ಬಗಳಲ್ಲಿ ಸಿಗುತ್ತದೆ. ಪೂರ್ತಿ ಬೆಳೆದರೂ ಸುಮಾರು 26 ಸೆಂಟಿಮೀಟರ್. ಅಂದರೆ ನಿಮ್ಮ ಮೀನು ಬೆಳೆಯಬೇಕಾದ್ದರಲ್ಲಿ ಬಹುಪಾಲು ಬೆಳೆದಾಗಿದೆ. ಮೊರೇ ಕುಟುಂಬದಲ್ಲಿ ಸುಮಾರು 200 ಜಾತಿಗಳಿವೆ. ಅದರಲ್ಲಿ 3 ಮೀಟರ್ ಮುಟ್ಟುವ ಜೈಂಟ್ ಮೊರೇ ಕೂಡ ಇದೆ. ನೀವು ಕೇಳಿದ ಕಥೆಗಳು ಅಂಥ ದೊಡ್ಡ ಜಾತಿಗಳದ್ದು.

ಆದರೆ ಇಲ್ಲೊಂದು ಷರತ್ತು ಇದೆ. ಹಳದಿ ಬಣ್ಣದ ಎಳೆಯ ಮೊರೇಗಳೆಲ್ಲ ಡ್ವಾರ್ಫ್ ಅಲ್ಲ. ಅಟ್ಲಾಂಟಿಕ್ ಕಡೆಯ ಗೋಲ್ಡನ್‌ಟೇಲ್ ಮೊರೇಯಲ್ಲಿ ಪೂರ್ತಿ ಹಳದಿ ಬಣ್ಣದವೂ ಇರುತ್ತವೆ, ಅದು 60–70 ಸೆಂಟಿಮೀಟರ್‌ವರೆಗೆ ಬೆಳೆಯುತ್ತದೆ. ಅಕ್ವೇರಿಯಂಗಳಲ್ಲಿ ತುಂಬಾ ಸಿಗುವ ಸ್ನೋಫ್ಲೇಕ್ ಮೊರೇಯನ್ನೂ ಚಿಕ್ಕದಿದ್ದಾಗ ಚಿಕ್ಕ ಜಾತಿ ಅಂದುಕೊಂಡು ಕೊಳ್ಳುತ್ತಾರೆ, ಅದೂ 60 ಸೆಂಟಿಮೀಟರ್ ದಾಟುತ್ತದೆ. ನಿಮ್ಮ ಮೀನಿನ ಕಣ್ಣು ನೋಡಿ. ಡ್ವಾರ್ಫ್ ಮೊರೇಯ ಕಣ್ಣು ನೀಲಿ, ಅದರ ನಡುವೆ ಮೇಲಿನಿಂದ ಕೆಳಕ್ಕೆ ಒಂದು ಕಪ್ಪು ಗೆರೆ. ಕಿವಿರಿನ ತೂತಿನ ಸುತ್ತ ಕಪ್ಪು ಬಳೆ. ಇವೆರಡೂ ಇದ್ದರೆ ನಂಬಬಹುದು. ಮೈಬಣ್ಣವನ್ನು ನೆಚ್ಚಿಕೊಳ್ಳಬೇಡಿ. ಇದೇ ಜಾತಿ ಕೆಲವು ಕಡೆ ಕಡು ಹಳದಿ, ಕೆಲವು ಕಡೆ ಕಂದು.

ಈಗ ಊಟದ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಈ ಮೀನು ಹವಳದ ದಿಬ್ಬದಲ್ಲಿ ಹೇಗೆ ಬದುಕುತ್ತದೆ ಎಂದು ತಿಳಿದರೆ, ನಿಮ್ಮ ಟ್ಯಾಂಕಿನಲ್ಲಿ ಯಾಕೆ ಹೀಗಿದೆ ಎಂಬುದು ತಾನಾಗಿ ಅರ್ಥವಾಗುತ್ತದೆ. ಡ್ವಾರ್ಫ್ ಮೊರೇ ಇರುವ ದಿಬ್ಬದಲ್ಲಿ ದಿನಾ ಮುಳುಗುವವರಿಗೂ ಅದು ಕಾಣಸಿಗುವುದು ಅಪರೂಪ. ಸತ್ತ ಹವಳದ ಬಿರುಕು, ಕಲ್ಲಿನ ಪೊಟರೆ, ಇವುಗಳ ಒಳದಾರಿಗಳಲ್ಲೇ ಅದರ ಓಡಾಟ. ಬಯಲಿಗೆ ಬಂದರೆ ದೊಡ್ಡ ಮೀನಿನ ಬಾಯಿಗೆ ಬೀಳುತ್ತದೆ. ಸಂದಿಯಲ್ಲಿದ್ದರೆ ಬದುಕುತ್ತದೆ. ಹಾಗಾಗಿ ಎರಡು ವಾರ ಸಂದಿಯಲ್ಲೇ ಇದೆ ಎನ್ನುವುದು ಕಾಯಿಲೆಯ ಲಕ್ಷಣವಲ್ಲ. ತಲೆ ಹೊರಗೆ ಹಾಕಿ ನೋಡುತ್ತಿದೆ ಎಂದಿರಿ, ಅದು ಒಳ್ಳೆಯ ಸುದ್ದಿ. ಪೂರ್ತಿ ಒಳಗೆ ಸೇರಿಕೊಂಡಿದ್ದರೆ ನಾನು ಜಾಸ್ತಿ ಯೋಚಿಸುತ್ತಿದ್ದೆ.

ಮೊರೇಗಳ ಕಣ್ಣು ಅಷ್ಟೇನೂ ಚುರುಕಲ್ಲ. ಅವು ಬದುಕುವುದು ಮೂಗಿನ ಮೇಲೆ. ಮುಖದ ತುದಿಯಲ್ಲಿ ಎರಡು ಸಣ್ಣ ಕೊಳವೆಗಳು ಎದ್ದು ನಿಂತಿರುವುದನ್ನು ನೀವು ನೋಡಿರಬಹುದು, ಅವು ಮೂಗಿನ ಹೊಳ್ಳೆಗಳು. ನೀರಿನಲ್ಲಿ ತೇಲಿಬರುವ ವಾಸನೆ ಹಿಡಿದು, ಅದರ ದಿಕ್ಕಿಗೆ ತಲೆ ತಿರುಗಿಸಿ, ಹತ್ತಿರ ಬಂದಾಗ ಹಿಡಿಯುವುದು ಅದರ ಕ್ರಮ. ನೀವು ದೀಪ ಉರಿಯುವಾಗ ಮೇಲಿನಿಂದ ಆಹಾರ ಉದುರಿಸುತ್ತಿದ್ದರೆ, ಮೊರೇಗೆ ವಾಸನೆ ತಲುಪುವ ಮೊದಲೇ ಕ್ಲೌನ್ ಮೀನು, ಸಿಗಡಿಗಳು ಅದನ್ನು ಮುಗಿಸಿರುತ್ತವೆ. ಎಷ್ಟೋ ಸಲ ‘ತಿನ್ನುತ್ತಿಲ್ಲ’ ಎಂಬ ದೂರಿನ ಒಳಗೆ ‘ಸಿಗುತ್ತಿಲ್ಲ’ ಎಂಬ ವಿಷಯ ಅಡಗಿರುತ್ತದೆ.

ಹಿಡಿದದ್ದನ್ನು ನುಂಗುವ ರೀತಿಯೂ ಬೇರೆ. ಉಳಿದ ಹೆಚ್ಚಿನ ಮೀನುಗಳು ಬಾಯಿ ಅಗಲಿಸಿ ನೀರಿನ ಸಮೇತ ಬೇಟೆಯನ್ನು ಹೀರಿಕೊಳ್ಳುತ್ತವೆ. ಇಕ್ಕಟ್ಟಾದ ಬಿರುಕಿನಲ್ಲಿ ತಲೆ ಉಬ್ಬಿಸಿ ಹೀರಲು ಜಾಗ ಎಲ್ಲಿದೆ? ಮೊರೇಗೆ ಗಂಟಲಿನೊಳಗೆ ಎರಡನೆಯ ಜೊತೆ ದವಡೆ ಇದೆ. ಮುಂದಿನ ದವಡೆ ಬೇಟೆಯನ್ನು ಹಿಡಿದಿರುವಾಗ, ಒಳಗಿನ ದವಡೆ ಮುಂದಕ್ಕೆ ಚಾಚಿ ಬಂದು ಕಚ್ಚಿ, ಗಂಟಲಿಗೆ ಎಳೆದುಕೊಳ್ಳುತ್ತದೆ. ಬಾವಿಯಿಂದ ಕೊಡ ಸೇದುವಾಗ ಒಂದು ಕೈ ಹಗ್ಗ ಹಿಡಿದಿದ್ದು ಇನ್ನೊಂದು ಕೈ ಮುಂದೆ ಹೋಗಿ ಹಿಡಿಯುವುದಿಲ್ಲವೇ, ಹಾಗೆ. ಸಂಶೋಧಕರಾದ ರೀಟಾ ಮೆಹ್ತಾ ಮತ್ತು ಪೀಟರ್ ವೈನ್‌ರೈಟ್ 2007ರಲ್ಲಿ ಇದನ್ನು ವೇಗದ ವಿಡಿಯೊಗಳ ಮೂಲಕ ತೋರಿಸಿಕೊಟ್ಟರು. ಹೀರುವ ಕೆಲಸಕ್ಕೆ ನೀರು ಬೇಕೇ ಬೇಕು, ಎಳೆಯುವ ಕೆಲಸಕ್ಕೆ ಬೇಡ. ಸ್ನೋಫ್ಲೇಕ್ ಮೊರೇ ನೀರಿನಿಂದ ಹೊರಗೆ ಬಂದು ಅಲ್ಲೇ ಬೇಟೆಯನ್ನು ನುಂಗಬಲ್ಲದು ಎಂದು ಮೆಹ್ತಾ ಮತ್ತು ಕೈಲ್ ಡೊನೊಹೊ 2021ರಲ್ಲಿ ವರದಿ ಮಾಡಿದರು. ನನಗೆ ಈ ಮೀನುಗಳ ಮೇಲೆ ಇಷ್ಟೊಂದು ಪ್ರೀತಿ ಬರಲು ಈ ದವಡೆಯೂ ಒಂದು ಕಾರಣ. ನಿಮ್ಮ ಮಗಳಿಗೆ ಇದನ್ನು ಹೇಳಿ, ಭಯದ ಜಾಗದಲ್ಲಿ ಕುತೂಹಲ ಬರುತ್ತದೆ.

ಹಾಗಾದರೆ ನಿಮ್ಮ ಮೀನು ಯಾಕೆ ತಿನ್ನುತ್ತಿಲ್ಲ? ಕಾರಣಗಳು ಒಂದಕ್ಕಿಂತ ಹೆಚ್ಚಿರಬಹುದು. ದಿಬ್ಬದಿಂದ ಹಿಡಿದು, ಚೀಲದಲ್ಲಿ ತುಂಬಿ, ಹಲವು ಟ್ಯಾಂಕು ದಾಟಿಸಿ ನಿಮ್ಮ ಮನೆಗೆ ತಂದದ್ದೇ ದೊಡ್ಡ ಆಘಾತ. ಹೊಸ ಜಾಗದಲ್ಲಿ ಮೊರೇ ಕೆಲವು ವಾರ ಉಪವಾಸ ಇರುವುದು ಮಾಮೂಲು. ನೀರು ಸರಿಯಿಲ್ಲದಿದ್ದರೆ ಹಸಿವು ಸಾಯುತ್ತದೆ. ಇನ್ನೊಂದು ಕಾರಣ ಹೇಳಲು ಬೇಸರ, ಆದರೂ ಹೇಳಬೇಕು. ಕೆಲವು ದೇಶಗಳ ದಿಬ್ಬಗಳಲ್ಲಿ ಮೀನುಗಳನ್ನು ಸಂದಿಯಿಂದ ಹೊರಗೆ ತರಲು ಸಯನೈಡ್ ಬೆರೆಸಿದ ನೀರು ಚಿಮ್ಮಿಸುತ್ತಾರೆ. ಫಿಲಿಪ್ಪೀನ್ಸ್‌ನಲ್ಲಿ 1960ರ ದಶಕದಲ್ಲೇ ಇದು ಶುರುವಾಗಿತ್ತು. ಸಂದಿಯಲ್ಲಿ ಬದುಕುವ ಮೀನನ್ನು ಹಿಡಿಯುವುದು ಕಷ್ಟ ಆದ್ದರಿಂದ ಈ ಅಪಾಯ ಅವಕ್ಕೆ ಇದ್ದೇ ಇದೆ. ಹಾಗೆ ಸಿಕ್ಕ ಮೀನು ಹೊರಗಿನಿಂದ ಚೆನ್ನಾಗಿ ಕಂಡರೂ ಒಳಗಿನ ಅಂಗಗಳು ಹಾಳಾಗಿ, ದಿನ ಕಳೆದಂತೆ ಸೊರಗಬಹುದು. ಮಾರಿದವರನ್ನು ಕೇಳಿ: ಇದು ಎಲ್ಲಿಂದ ಬಂತು, ಬಲೆ ಅಥವಾ ಬೋನಿನಲ್ಲಿ ಹಿಡಿದದ್ದಾ, ನಿಮ್ಮಲ್ಲಿದ್ದಾಗ ಏನು ತಿನ್ನುತ್ತಿತ್ತು. ಮೂರನೆಯ ಪ್ರಶ್ನೆಗೆ ಉತ್ತರ ಸಿಕ್ಕರೆ ನಿಮ್ಮ ಅರ್ಧ ಕೆಲಸ ಹಗುರಾಗುತ್ತದೆ.

ಅಥವಾ, ಅದು ತಿಂದಿರಲೂಬಹುದು. ಗೋಬಿ ಕಾಣೆಯಾಗಿದೆ ಎಂದಿದ್ದೀರಿ. ಡ್ವಾರ್ಫ್ ಮೊರೇ ಸಣ್ಣ ಸಿಗಡಿ, ಏಡಿ, ಬಾಯಿಗೆ ಹಿಡಿಸುವ ಸಣ್ಣ ಮೀನುಗಳನ್ನು ಹಿಡಿಯುತ್ತದೆ. ಕಡ್ಡಿಯಷ್ಟು ಸಣ್ಣ ಗೋಬಿ ರಾತ್ರಿ ಅದೇ ಕಲ್ಲಿನ ಸಂದಿಯಲ್ಲಿ ಮಲಗಿದ್ದರೆ ಉಳಿಯುವುದು ಕಷ್ಟ. ಆದರೂ ಅಪವಾದ ಹೊರಿಸುವ ಮೊದಲು ಟ್ಯಾಂಕಿನ ಹಿಂದಿನ ನೆಲ, ಫಿಲ್ಟರ್ ಒಳಗೆ ಒಮ್ಮೆ ನೋಡಿ. ಗೋಬಿಗಳೂ ಹಾರುತ್ತವೆ.

ದಿನ ಎಣಿಸುವುದಕ್ಕಿಂತ ಮೈ ನೋಡುವುದು ಮುಖ್ಯ. ತಲೆಯ ಹಿಂಭಾಗ, ಅಂದರೆ ಕತ್ತು ಶುರುವಾಗುವ ಜಾಗ, ದುಂಡಗಿದ್ದರೆ ಮೀನಿನಲ್ಲಿ ಶಕ್ತಿ ಇದೆ. ಅಲ್ಲಿ ಕುಳಿ ಬಿದ್ದು ಚರ್ಮ ಒಳಗೆ ಅಂಟಿದಂತೆ ಕಂಡರೆ, ಹೊಟ್ಟೆ ಒಳಸೇರಿದ್ದರೆ, ಅದು ಸೊರಗುತ್ತಿದೆ. ವಾರಕ್ಕೊಮ್ಮೆ ಒಂದೇ ಕೋನದಿಂದ ಫೋಟೊ ತೆಗೆದಿಡಿ. ಕಣ್ಣಿಗೆ ಗೊತ್ತಾಗದ ಬದಲಾವಣೆ ಫೋಟೊದಲ್ಲಿ ಗೊತ್ತಾಗುತ್ತದೆ. ದೊಡ್ಡ ಮೊರೇ ತಿಂಗಳು ಉಪವಾಸ ತಡೆದುಕೊಳ್ಳಬಹುದು. ನಿಮ್ಮದು ಪುಟ್ಟ ಮೈ, ಕೂಡಿಟ್ಟದ್ದು ಕಡಿಮೆ. ಮೈ ತುಂಬಿಕೊಂಡಿದ್ದರೆ ಮೂರು ವಾರದವರೆಗೆ ನಾನು ಹೆದರುವುದಿಲ್ಲ. ಸೊರಗುವುದು ಕಂಡರೆ ಮೀನು ನೋಡುವ ಪಶುವೈದ್ಯರಿಗೆ ತೋರಿಸಬೇಕು.

ತಿನ್ನಿಸುವ ಕ್ರಮ ಹೀಗೆ. ದೀಪ ಆರಿಸಿ ಒಂದು ಗಂಟೆ ಬಿಡಿ. ಕೋಣೆಯಲ್ಲಿ ಮಂದ ಬೆಳಕು ಸಾಕು. ಮೊದಲು ಕ್ಲೌನ್ ಮೀನು, ಸಿಗಡಿಗಳಿಗೆ ಟ್ಯಾಂಕಿನ ಇನ್ನೊಂದು ಮೂಲೆಯಲ್ಲಿ ಹೊಟ್ಟೆ ತುಂಬಿಸಿ. ಆಮೇಲೆ ಕರಗಿಸಿದ ಸಿಗಡಿ ಅಥವಾ ಸ್ಕ್ವಿಡ್‌ನ ಸಣ್ಣ ತುಂಡನ್ನು, ಮೀನಿನ ತಲೆಯ ಅಗಲಕ್ಕಿಂತ ಚಿಕ್ಕದಿರಲಿ, ಉದ್ದನೆಯ ಮೊಂಡು ತುದಿಯ ಇಕ್ಕುಳದಲ್ಲಿ ಹಿಡಿಯಿರಿ. ನೀರಿನ ಹರಿವು ತುಂಡಿನಿಂದ ಮೊರೇ ಕಡೆಗೆ ಹೋಗುವಂತೆ, ನಾಲ್ಕೈದು ಸೆಂಟಿಮೀಟರ್ ದೂರದಲ್ಲಿ ಹಿಡಿದು ಕಾಯಿರಿ. ಮುಖಕ್ಕೆ ತಗುಲಿಸಬೇಡಿ. ತಲೆ ಒಳಗೆ ಎಳೆದುಕೊಂಡರೆ ಇಕ್ಕುಳ ಹಿಂದೆ ತನ್ನಿ. ಮೂಗು ಆಡಿಸುತ್ತಾ ಮುಂದೆ ಬಂದರೆ ಅಲುಗಾಡದೆ ಇರಿ. ಅರ್ಧ ಗಂಟೆಯಲ್ಲಿ ತಿನ್ನದಿದ್ದರೆ ತುಂಡು ಹೊರಗೆ ತೆಗೆಯಿರಿ, ಬಿಟ್ಟರೆ ಕೊಳೆತು ನೀರು ಕೆಡುತ್ತದೆ. ದಿನಾ ಬೇಡ, ಎರಡು ಮೂರು ದಿನಕ್ಕೊಮ್ಮೆ ಸಾಕು. ದಿನಾ ಪೀಡಿಸಿದರೆ ಇಕ್ಕುಳ ಕಂಡರೇ ಒಳಗೆ ಹೋಗುವುದನ್ನು ಕಲಿಯುತ್ತದೆ.

ಇದಕ್ಕೂ ಬಗ್ಗದಿದ್ದರೆ ಜೀವಂತ ಸಣ್ಣ ಸಿಗಡಿ ಬಿಡಬಹುದು. ಒಮ್ಮೆ ತಿನ್ನಲು ಶುರು ಮಾಡಿದ ಮೇಲೆ ಕರಗಿಸಿದ ಆಹಾರಕ್ಕೆ ನಿಧಾನವಾಗಿ ತಿರುಗಿಸಿ. ಗೋಲ್ಡ್‌ಫಿಷ್‌ನಂಥ ಸಿಹಿನೀರಿನ ಮೀನನ್ನು ಮಾತ್ರ ಕೊಡಬೇಡಿ. ಅದರಲ್ಲಿ ಬಿ1 ವಿಟಮಿನ್ನನ್ನು ಒಡೆಯುವ ಕಿಣ್ವ ಇದೆ, ಸದಾ ತಿಂದರೆ ಮೊರೇಗೆ ನರಗಳ ತೊಂದರೆ ಬರುತ್ತದೆ. ಬಾಯಿ ಬಿಡಿಸಿ ಒಳಗೆ ತುರುಕುವ ಯೋಚನೆ ಬೇಡವೇ ಬೇಡ. ಆ ಸೂಕ್ಷ್ಮ ದವಡೆ ಮುರಿದರೆ ಕಥೆ ಅಲ್ಲಿಗೆ ಮುಗಿಯಿತು. ಅಭ್ಯಾಸವಾದ ಮೇಲೆ ವಾರಕ್ಕೆ ಎರಡು ಮೂರು ಸಲ ಸಾಕು.

ಈಗ ಬಿಳಿ ಚುಕ್ಕೆ ಮತ್ತು ತಾಮ್ರ. ಕ್ಲೌನ್ ಮೀನಿನ ಮೇಲೆ ಉಪ್ಪಿನ ಹರಳಿನಷ್ಟು ದೊಡ್ಡ ಬಿಡಿ ಬಿಡಿ ಚುಕ್ಕೆಗಳಿದ್ದರೆ ಅದು ಬಹುಶಃ ಕ್ರಿಪ್ಟೊಕ್ಯಾರಿಯಾನ್ ಎಂಬ ಪರಾವಲಂಬಿ. ಚುಕ್ಕೆಯೊಳಗೆ ಅದು ಕೆಲವು ದಿನ ಮೀನಿನ ಮೈ ತಿಂದು, ಉದುರಿ, ಕಲ್ಲು ಮರಳಿನ ಮೇಲೆ ಗೂಡು ಕಟ್ಟಿಕೊಂಡು ಒಡೆದು ಹಲವಾಗುತ್ತದೆ. ಆ ಮರಿಗಳು ಮತ್ತೆ ಮೀನನ್ನು ಹುಡುಕಿ ಈಜುತ್ತವೆ. ತಾಮ್ರ ಕೊಲ್ಲುವುದು ಈಜುವ ಹಂತವನ್ನು ಮಾತ್ರ. ಆದರೆ ಆ ಪ್ರಮಾಣದ ತಾಮ್ರ ನಿಮ್ಮ ಸಿಗಡಿಗಳನ್ನೂ ಹವಳವನ್ನೂ ಕೊಲ್ಲುತ್ತದೆ. ಕಲ್ಲು, ಮರಳು ತಾಮ್ರವನ್ನು ಹೀರಿಕೊಂಡು ಆಮೇಲೆ ಮೆಲ್ಲಗೆ ಬಿಡುತ್ತವೆ, ಹಾಗಾಗಿ ಆ ಟ್ಯಾಂಕಿನಲ್ಲಿ ಮತ್ತೆ ಸಿಗಡಿ ಸಾಕುವುದೂ ಕಷ್ಟ. ಮೊರೇಯ ಬರಿ ಚರ್ಮಕ್ಕೆ ತಾಮ್ರ ಇನ್ನೂ ಅಪಾಯ. ಊಟ ಬಿಟ್ಟ ಮೊರೇಗಂತೂ ತಡೆಯಲು ಆಗುವುದಿಲ್ಲ. ಫಾರ್ಮಲಿನ್‌ನಂಥ ಔಷಧಿಗಳ ವಿಷಯದಲ್ಲೂ ಇದೇ ಎಚ್ಚರ ಬೇಕು.

ಸರಿಯಾದ ದಾರಿ ಎಂದರೆ ಕ್ಲೌನ್ ಮೀನುಗಳನ್ನು ಬೇರೆ ಟ್ಯಾಂಕಿಗೆ ತೆಗೆದು ಅಲ್ಲಿ ಚಿಕಿತ್ಸೆ ಮಾಡುವುದು. ಮುಖ್ಯ ಟ್ಯಾಂಕಿನಲ್ಲಿ 10–11 ವಾರ ಯಾವ ಮೀನೂ ಇಲ್ಲದಿದ್ದರೆ ಪರಾವಲಂಬಿ ತಾನಾಗಿ ಸಾಯುತ್ತದೆ, ಸಿಗಡಿ ಹವಳ ಅಲ್ಲೇ ಇರಬಹುದು. ಇಲ್ಲಿ ತೊಡಕು ಏನೆಂದರೆ ಮೊರೇಯೂ ಮೀನೇ. ದಪ್ಪ ಲೋಳೆಯಿಂದಾಗಿ ಅದರ ಮೈಮೇಲೆ ಚುಕ್ಕೆ ಕಾಣುವುದು ಕಡಿಮೆ, ಆದರೆ ರೋಗವನ್ನು ಇಟ್ಟುಕೊಂಡಿರಬಹುದು. ಅದನ್ನೂ ತೆಗೆಯಬೇಕು. ತೆಗೆದರೆ ಮತ್ತೆ ಆಘಾತ, ಬಿಟ್ಟರೆ ರೋಗ ಉಳಿಯುವ ಸಾಧ್ಯತೆ. ನಾನಾಗಿದ್ದರೆ ಕ್ಲೌನ್ ಮೀನುಗಳನ್ನು ನಾಳೆಯೇ ತೆಗೆಯುತ್ತಿದ್ದೆ. ಮೊರೇಯನ್ನು ತಿನ್ನಲು ಶುರು ಮಾಡುವವರೆಗೆ ಮುಟ್ಟುತ್ತಿರಲಿಲ್ಲ. ಮೀನಿಲ್ಲದ ವಾರಗಳ ಲೆಕ್ಕ ಅದನ್ನು ತೆಗೆದ ದಿನದಿಂದ ಶುರುವಾಗುತ್ತದೆ. ಸ್ವಲ್ಪ ತಡವಾದರೂ ಪರವಾಗಿಲ್ಲ.

ಅದನ್ನು ಬಲೆ ಹಾಕಿ ಹಿಡಿಯಲು ಹೋಗಬೇಡಿ, ಬಲೆಗೆ ಉಜ್ಜಿ ಲೋಳೆ ಹೋಗುತ್ತದೆ. ಎರಡು ಮೂರು ಸೆಂಟಿಮೀಟರ್ ಅಗಲದ ಪಿವಿಸಿ ಪೈಪಿನ ತುಂಡನ್ನು ಈಗಲೇ ಅದರ ಸಂದಿಯ ಹತ್ತಿರ ಮಲಗಿಸಿಡಿ. ಉದ್ದ ಮೀನಿಗಿಂತ ಸ್ವಲ್ಪ ಜಾಸ್ತಿ ಇರಲಿ. ಕೆಲವು ದಿನದಲ್ಲಿ ಅದು ಪೈಪನ್ನೇ ಮನೆ ಮಾಡಿಕೊಳ್ಳುವುದು ಸಾಮಾನ್ಯ. ಆಗ ಕೈಗವಸು ಹಾಕಿಕೊಂಡು ಎರಡೂ ತುದಿ ಮುಚ್ಚಿ ಪೈಪ್ ಸಮೇತ ಎತ್ತಬಹುದು. ಹೊಸ ಟ್ಯಾಂಕಿನಲ್ಲಿ ತಾಮ್ರ ಬೇಡ, ಮರಳು ಬೇಡ. ಸ್ಪಾಂಜ್ ಫಿಲ್ಟರ್, ಅದೇ ಪೈಪು, ಬಿಗಿ ಮುಚ್ಚಳ ಸಾಕು.

ನೀರಿನ ಅಂಕಿಗಳು: ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ. ಉಪ್ಪಿನಂಶ ತೋರಿಸುವ ಸ್ಪೆಸಿಫಿಕ್ ಗ್ರಾವಿಟಿ 1.023ರಿಂದ 1.026. ಬಿಸಿ 24ರಿಂದ 27 ಡಿಗ್ರಿ ಸೆಲ್ಸಿಯಸ್. ನಿಮ್ಮ ಪತ್ರದಲ್ಲಿ ಇವು ಯಾವುವೂ ಇಲ್ಲ, ಇವತ್ತೇ ಪರೀಕ್ಷಿಸಿ.

ಇಟ್ಟುಕೊಳ್ಳಲಾ ಕೊಡಲಾ ಎಂಬ ಪ್ರಶ್ನೆಗೆ ನನ್ನ ಅಭಿಪ್ರಾಯ ಹೇಳುತ್ತೇನೆ. 120 ಲೀಟರ್ ಈ ಜಾತಿಗೆ ಸಾಕು. ಕ್ಲೌನ್ ಮೀನುಗಳು ದೊಡ್ಡವಾಗಿದ್ದರೆ ಅದರ ಬಾಯಿಗೆ ಹಿಡಿಸುವುದಿಲ್ಲ, ಒಟ್ಟಿಗೆ ಬದುಕಬಹುದು. ಕ್ಲೀನರ್ ಸಿಗಡಿಗಳ ವಿಷಯದಲ್ಲಿ ಖಾತರಿ ಇಲ್ಲ. ದಿಬ್ಬಗಳಲ್ಲಿ ಕ್ಲೀನರ್ ಸಿಗಡಿಗಳು ಮೊರೇಗಳ ಬಾಯೊಳಗೇ ಹೋಗಿ ಶುಚಿ ಮಾಡಿ ಬರುತ್ತವೆ, ಟ್ಯಾಂಕಿನಲ್ಲೂ ಹಲವು ಕಡೆ ಹಾಗೇ ಇರುತ್ತವೆ. ಆದರೆ ಸಿಗಡಿ ಪೊರೆ ಬಿಟ್ಟ ರಾತ್ರಿ ಅದರ ಮೈ ಮೆತ್ತಗಿರುತ್ತದೆ, ಹಸಿದ ಮೊರೇ ಪಕ್ಕದಲ್ಲಿದ್ದರೆ ಏನೂ ಹೇಳಲಾಗದು. ಆ ನಷ್ಟಕ್ಕೆ ಮನಸ್ಸು ಒಪ್ಪುವುದಾದರೆ ಇದೇ ಟ್ಯಾಂಕು ಸರಿ. ಒಪ್ಪದಿದ್ದರೆ ಮೊರೇಗೆ ಬೇರೆ ಟ್ಯಾಂಕು ಮಾಡಿ, ಅದು ಇನ್ನೂ ಒಳ್ಳೆಯದು. ಮುಚ್ಚಳದ ಶಿಸ್ತು, ಮಗಳ ಮೇಲೆ ಕಣ್ಣು, ರಾತ್ರಿ ಊಟದ ತಾಳ್ಮೆ, ಇವು ನಿಮ್ಮ ಮನೆಯಲ್ಲಿ ಆಗುವ ಕೆಲಸವಲ್ಲ ಎನ್ನಿಸಿದರೆ ಮೊರೇ ಸಾಕಿ ಗೊತ್ತಿರುವವರಿಗೆ ಕೊಡಿ, ಅದರಲ್ಲಿ ತಪ್ಪೇನಿಲ್ಲ. ಆದರೆ ಈಗಲೇ ಅಲ್ಲ. ಬಿಳಿ ಚುಕ್ಕೆ ಇರುವ ಟ್ಯಾಂಕಿನಿಂದ ತೆಗೆದು ಕೊಟ್ಟರೆ ರೋಗವನ್ನೂ ಜೊತೆಗೆ ಕೊಟ್ಟ ಹಾಗಾಗುತ್ತದೆ.

ಸಮುದ್ರಕ್ಕೆ ಮಾತ್ರ ಬಿಡಬೇಡಿ. ಇದು ಎಲ್ಲಿ ಹುಟ್ಟಿದ್ದು ಎಂದು ನಿಮಗೆ ಗೊತ್ತಿಲ್ಲ, ಹತ್ತಿರದ ಕಡಲು ಅದರ ಮನೆಯಲ್ಲ. ಟ್ಯಾಂಕಿನ ರೋಗಗಳು ಕಾಡು ಮೀನುಗಳಿಗೆ ಹೋಗುತ್ತವೆ. ಹಿಂದೂ ಮಹಾಸಾಗರ, ಪೆಸಿಫಿಕ್‌ಗೆ ಸೇರಿದ ಲಯನ್‌ಫಿಷ್ 1985ರಲ್ಲಿ ಫ್ಲಾರಿಡಾ ತೀರದಲ್ಲಿ ಕಾಣಿಸಿಕೊಂಡಿತು. ಅಕ್ವೇರಿಯಂಗಳಿಂದ ಹೊರಬಿದ್ದದ್ದೇ ಅದಕ್ಕೆ ಮೂಲ ಎಂದು ಹೆಚ್ಚಿನವರು ಒಪ್ಪುತ್ತಾರೆ. ಇವತ್ತು ಅದು ಕೆರಿಬಿಯನ್ ತುಂಬಾ ಹರಡಿ ಅಲ್ಲಿನ ಸಣ್ಣ ಮೀನುಗಳನ್ನು ಬರಿದು ಮಾಡುತ್ತಿದೆ.

ಇನ್ನೊಂದು ಮೊರೇ ಕೊಳ್ಳುವ ಯೋಚನೆ ಮುಂದೆ ಬಂದರೆ ಇದೊಂದು ನೆನಪಿರಲಿ. ಮೊರೇಯ ಮರಿ ಎಲೆಯಂತೆ ಚಪ್ಪಟೆ, ಗಾಜಿನಂತೆ ಪಾರದರ್ಶಕ. ತೆರೆದ ಸಮುದ್ರದಲ್ಲಿ ತಿಂಗಳುಗಟ್ಟಲೆ ತೇಲಿ ಆಮೇಲೆ ದಿಬ್ಬ ಸೇರುತ್ತದೆ. ಆ ಹಂತವನ್ನು ಟ್ಯಾಂಕಿನಲ್ಲಿ ದಾಟಿಸುವುದು ತೀರಾ ಕಷ್ಟ, ಹಾಗಾಗಿ ಮಾರಾಟಕ್ಕೆ ಬರುವ ಮೊರೇಗಳು ದಿಬ್ಬದಿಂದಲೇ ಹಿಡಿದು ತಂದವು. ಒಂದು ಸತ್ತರೆ ಇನ್ನೊಂದು ತಂದರಾಯಿತು ಎಂಬ ಮಾತು ಕೇಳಿದಾಗ ನನಗೆ ನಿಜಕ್ಕೂ ನೋವಾಗುತ್ತದೆ. ಈಗ ನಿಮ್ಮಲ್ಲಿರುವುದನ್ನು ಉಳಿಸಿಕೊಳ್ಳೋಣ.

ಒಂದು ವಾರ ಬಿಟ್ಟು ಮತ್ತೆ ಬರೆಯಿರಿ. ಕಣ್ಣಿನ ಹತ್ತಿರದ ಸ್ಪಷ್ಟ ಫೋಟೊ, ಕತ್ತಿನ ಹಿಂಭಾಗದ ಫೋಟೊ, ನಿಮಿಷಕ್ಕೆ ಎಷ್ಟು ಸಲ ಬಾಯಿ ತೆರೆಯುತ್ತದೆ, ನೀರಿನ ಅಂಕಿಗಳು, ಕ್ಲೌನ್ ಮೀನಿನ ಚುಕ್ಕೆ ಹೆಚ್ಚಾಯಿತಾ ಕಡಿಮೆಯಾಯಿತಾ, ಇಷ್ಟು ಕಳಿಸಿ. ಅಷ್ಟರೊಳಗೆ ಕತ್ತಿನಲ್ಲಿ ಕುಳಿ ಬಿದ್ದರೆ ಅಥವಾ ಉಸಿರು ಜೋರಾದರೆ ವಾರ ಕಾಯಬೇಡಿ.